ಕುಂಬಳದ ಗಂಡು ಹೂ ಮತ್ತು ಉಸ್ತಾನಿಬಾಯಿ

ನಗು ಬಂದರೆ ಅವರು ಮೊದಲು ಎದುರಿಗಿದ್ದವರ ಕೈ ಹಿಡಿಯುತ್ತಿದ್ದರು. ಆಮೇಲೆ ನಗುತ್ತಿದ್ದರು. ಹಿಡಿದ ಕೈಯನ್ನು ನಗು ಮುಗಿಯುವವರೆಗೆ ಬಿಡುತ್ತಿರಲಿಲ್ಲ, ನಗುವಂತೂ ಬೇಗ ಮುಗಿಯುತ್ತಿರಲಿಲ್ಲ. ನನ್ನ ಎಷ್ಟು ಬಳೆಗಳು ಹಾಗೆ ಒಡೆದವೋ ಲೆಕ್ಕವಿಟ್ಟಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಸವಕಲ್ಯಾಣದಿಂದ, ನಮ್ಮ ಬಾಯಲ್ಲಿ ಕಲ್ಯಾಣಿಯಿಂದ, ಬಂತು. ಬಸ್ಸು ಹತ್ತಿ ಹೋದೆ. ಅವರ ತಮ್ಮನ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು, ಎಲ್ಲರೂ ಅವರ ಹತ್ತಿರ ಓದಿದವರು. ಮೊದಲು ಎಲ್ಲರೂ ಅತ್ತೆವು. ಆಮೇಲೆ ಯಾರೋ ಒಬ್ಬರು ಕೋಳಿಯ ಕಥೆ ತೆಗೆದರು, ಇನ್ನೊಬ್ಬರು ಪಪ್ಪಾಯಿಯ ಕಥೆ ತೆಗೆದರು, ಅರ್ಧ ಗಂಟೆಯಲ್ಲಿ ನಾವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಸಾವಿನ ಮನೆಯಲ್ಲಿ ನಾನು ನಕ್ಕಿದ್ದು ಅದೇ ಮೊದಲು. ನನ್ನ ಕಥೆಯನ್ನು ಮಾತ್ರ ಅಲ್ಲಿ ಹೇಳಲಿಲ್ಲ. ಅದು ಸ್ವಲ್ಪ ಉದ್ದ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಜಾಮರ ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಯ ಮೇಡಮ್ಮನಿಗೆ ಉಸ್ತಾನಿ ಎನ್ನುತ್ತಿದ್ದರು. ಹುಮನಾಬಾದಿನಲ್ಲಿ ನಮಗೆಲ್ಲ ಇವರು ಉಸ್ತಾನಿಬಾಯಿ. ತಂದೆ ದನದ ಡಾಕ್ಟರು, ನಮ್ಮ ಕಡೆಯ ಮಾತಿನಲ್ಲಿ ಸಲೋತ್ರಿ. ಗಂಡ ಮದುವೆಯಾದ ಎರಡನೇ ವರ್ಷಕ್ಕೇ ತೀರಿಹೋಗಿದ್ದರು. ತಂದೆ ಮಗಳನ್ನು ಮನೆಯಲ್ಲಿ ಕೂಡಿಸದೆ ಹೈದರಾಬಾದಿಗೆ ಕಳಿಸಿ ಓದಿಸಿದರು. ಅಲ್ಲಿ ವಿಜ್ಞಾನವನ್ನು ಉರ್ದುವಿನಲ್ಲೇ ಕಲಿಸುತ್ತಿದ್ದರಂತೆ. ತಂದೆ ಸಾಯುವಾಗ ಮಗಳಿಗೆ ಬಿಟ್ಟುಹೋದದ್ದು ಒಂದು ಹಿತ್ತಾಳೆಯ ಖುರ್ದಬೀನು, ಅಂದರೆ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನು. ಹಸಿರು ಬಟ್ಟೆಯಲ್ಲಿ ಸುತ್ತಿ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದರು.

ಅವರಿಗೆ ಅಡುಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ, ಒಲೆಯ ಹತ್ತಿರ ಇರುವೆ ಸಾಲು ಹಿಡಿದರೆ ಅದನ್ನು ನೋಡುತ್ತ ಕೂತು ರೊಟ್ಟಿ ಸುಡುತ್ತಿದ್ದರು. ಓಣಿಗೆಲ್ಲ ಆ ವಾಸನೆ ಗೊತ್ತಿತ್ತು. ಯಾರು ಏನೇ ಸುದ್ದಿ ತಂದರೂ ಅವರದು ಒಂದೇ ಪ್ರಶ್ನೆ: "ನೋಡೀರೋ, ಕೇಳೀರೋ?" ಕೇಳಿದ್ದು ಎಂದರೆ "ಹಂಗಾರ ನೋಡಿ ಬರ್ರಿ, ಆಮ್ಯಾಲ ಮಾತಾಡೂಣು" ಎಂದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಇಂಥವರ ಜೊತೆ ಹರಟೆ ಹೊಡೆಯುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಕೋಳಿಯ ಕಥೆ ಇಷ್ಟು. ಒಂದು ದಿನ ಅವರ ಮನೆಯಲ್ಲಿ ಕೋಳಿ ಕೊಯ್ದಾಗ ಅದರ ಹೊಟ್ಟೆಯಲ್ಲಿ ತತ್ತಿಯ ಗೊಂಚಲೇ ಸಿಕ್ಕಿತು. ಸಾಸಿವೆ ಕಾಳಿನಷ್ಟು ಒಂದು, ಬಟಾಣಿಯಷ್ಟು ಒಂದು, ನಿಂಬೆಹಣ್ಣಿನಷ್ಟು ಒಂದು, ಹೀಗೆ ಸಣ್ಣದರಿಂದ ದೊಡ್ಡದರವರೆಗೆ ಹಳದಿ ಉಂಡೆಗಳು. ಇವರು ಅದನ್ನು ತಟ್ಟೆಯಲ್ಲಿಟ್ಟುಕೊಂಡು ನೇರ ಶಾಲೆಗೆ ಹೋದರು. ಇವತ್ತು ಇಡುವ ತತ್ತಿ, ನಾಳೆ ಇಡುವ ತತ್ತಿ, ಬರುವ ವಾರ ಇಡುವ ತತ್ತಿ ಎಂದು ಹುಡುಗಿಯರಿಗೆ ತೋರಿಸಿದರು. ಮರುದಿನ ಮಾಂಸ ಮುಟ್ಟದ ನಮ್ಮ ಜನರ ಪೈಕಿ ಒಬ್ಬ ಹಿರಿಯರು ಶಾಲೆಯ ಪರದೆಯ ಮುಂದೆ ನಿಂತು ಗುಡುಗಿದರು.

"ಶಾಲ್ಯಾಗ ಮಾಂಸ ತರೂದು ಸರಿ ಏನ್ರಿ? ಅಲ್ದ ಹುಡುಗೀರಿಗಿ ಇದೆಲ್ಲಾ ಯಾಕ ಬೇಕು?"

ಪರದೆಯ ಒಳಗಿನಿಂದ ಇವರು ಮೆತ್ತಗೆ ಹೇಳಿದರು: "ಮಾಂಸ ತಂದಿದ್ದು ನನ್ನ ತಪ್ಪು, ಮಾಫ್ ಮಾಡ್ರಿ, ಇನ್ನ ತರಂಗಿಲ್ಲ. ಆದ್ರ ತತ್ತಿ ಮಾತು ಹುಡುಗೀರಿಗೇ ಬೇಕಲ್ರಿ. ತತ್ತಿ ಇರೂದು ಅವರ ಹೊಟ್ಟ್ಯಾಗ. ನಿಮ್ಮ ಹೊಟ್ಟ್ಯಾಗಲ್ಲ."

ಅಂದಿನಿಂದ ಉಸ್ತಾನಿಬಾಯಿ ಮಾತಿಗೆ ತಪ್ಪದೆ ಹೂಗಳಿಂದಲೇ ಪಾಠ ಮಾಡಿದರು. ಹೂವಿಗೆ ಯಾರೂ ತಕರಾರು ತೆಗೆಯಲಿಲ್ಲ.

ನಾನು ಕೊಡಂಬಲದವಳು. ಹದಿನಾರಕ್ಕೆ ಹುಮನಾಬಾದಿಗೆ ಸೊಸೆಯಾಗಿ ಬಂದೆ. ಮಾವ ಇರಲಿಲ್ಲ. ಗಂಡನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ತಾಯಿಯ ಎದುರಿಗೆ ಕೆಮ್ಮಲೂ ಹಿಂದೆಮುಂದೆ ನೋಡುತ್ತಿದ್ದರು. ಮನೆ ನಡೆಸುತ್ತಿದ್ದವರು ಅತ್ತೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮದುವೆಯಾಗಿ ವರ್ಷ ಕಳೆದರೂ ಬಸಿರಾಗದ ಸೊಸೆ ಮೊದಲ ಮಳೆಗೆ ಹಿತ್ತಲಲ್ಲಿ ಕುಂಬಳದ ಬೀಜ ಊರಬೇಕು. ಬಳ್ಳಿ ಕಾಯಿ ಹಿಡಿದರೆ ಅವಳ ಕೈಗುಣ ಒಳ್ಳೆಯದು, ಹೊಟ್ಟೆಯೂ ತುಂಬುತ್ತದೆ. ಹಿಡಿಯದಿದ್ದರೆ ಇಲ್ಲ. ನಾನು ಎರಡು ವರ್ಷ ಊರಿದೆ. ಎರಡು ವರ್ಷವೂ ಬಳ್ಳಿ ಗೋಡೆ ಹತ್ತಿ, ಹಿತ್ತಲ ತುಂಬ ಹಳದಿ ಹೂ ಬಿಟ್ಟು, ಅಡಿಕೆ ಗಾತ್ರದ ಕಾಯಿ ಕಚ್ಚಿ, ಆ ಕಾಯಿಗಳೆಲ್ಲ ಬಾಡಿ ಉದುರಿದವು. ನಾನು ದಿನಾ ಬೆಳಿಗ್ಗೆ ಉದುರಿದ ಪೀಚುಗಳನ್ನು ಅತ್ತೆ ನೋಡುವ ಮೊದಲೇ ಆರಿಸಿ ತಿಪ್ಪೆಗೆ ಹಾಕುತ್ತಿದ್ದೆ. ಅವರು ತಿಪ್ಪೆಯನ್ನೂ ನೋಡುತ್ತಿದ್ದರು.

ಮೂರನೆಯ ವರ್ಷ ಬೀಜ ಊರುವ ದಿನ ಅತ್ತೆ ನೇರವಾಗಿಯೇ ಹೇಳಿದರು: "ಈ ಸಲನೂ ಬಳ್ಳಿ ಕಾಯಿ ಹಿಡೀಲಿಲ್ಲಂದ್ರ ಹುಲಸೂರಿಗಿ ಹೋಗಿ ಹುಡುಗೀನ ನೋಡಿ ಬರ್ತೀನಿ. ನೀನೂ ಇರು, ನಿನಗೇನು ಹೊರಗ ಹಾಕಂಗಿಲ್ಲ. ಆದ್ರ ಮನೀಗಿ ಕೂಸು ಬೇಕು."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಜೋಳ ಹಸನು ಮಾಡುತ್ತ, ಸಂತೆಗೆ ಹೋಗುವ ಮಾತಿನಷ್ಟು ಸಹಜವಾಗಿ ಹೇಳಿದರು. ಅವತ್ತು ನಾನು ಊಟ ಮಾಡಲಿಲ್ಲ.

ಉಸ್ತಾನಿಬಾಯಿ ನಮ್ಮ ಹಿತ್ತಲ ಗೋಡೆಯಾಚೆಯ ಮನೆಗೆ ಬಾಡಿಗೆಗೆ ಬಂದದ್ದು ಅದೇ ವರ್ಷ. ಗೋಡೆ ಒಂದು ಕಡೆ ಕುಸಿದು ಸೊಂಟದ ಎತ್ತರಕ್ಕಿತ್ತು. ಮಧ್ಯಾಹ್ನ ಅತ್ತೆ ಮಲಗಿದಾಗ ನಾನು ಈಚೆ, ಅವರು ಆಚೆ. ನನಗೆ ಉರ್ದು ಅಕ್ಷರಗಳನ್ನು ಮಣ್ಣಿನ ಮೇಲೆ ಬರೆದು ಕಲಿಸುತ್ತಿದ್ದರು. ನಾನು ಅವರಿಗೆ ಸುಡದ ರೊಟ್ಟಿ ಕೊಡುತ್ತಿದ್ದೆ.

ಬಳ್ಳಿ ಹೂ ಬಿಡಲು ಶುರುಮಾಡಿ ಎಂಟು ದಿನವಾಗಿತ್ತು. ಮೊದಲ ಪೀಚು ಉದುರಿದ ದಿನ ನಾನು ಗೋಡೆಯ ಹತ್ತಿರ ನಿಂತು ಎಲ್ಲವನ್ನೂ ಹೇಳಿಕೊಂಡು ಅತ್ತುಬಿಟ್ಟೆ. ಸಮಾಧಾನದ ಮಾತು ಬರುತ್ತದೆ ಎಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ತಂಗಿ, ನಿಮ್ಮ ಅತ್ತಿ ಮುಂಜಾನೆ ಹೂ ಯಾಕ ಕೀಳ್ತಾರ?"

ಅವರು ಬೆಳಗಿನ ನಮಾಜಿಗೆ ಏಳುತ್ತಿದ್ದರು, ಅತ್ತೆ ಪೂಜೆಗೆ ಏಳುತ್ತಿದ್ದರು. ಇಡೀ ಓಣಿಯಲ್ಲಿ ಆ ಹೊತ್ತಿಗೆ ಎದ್ದಿರುತ್ತಿದ್ದವರು ಇವರಿಬ್ಬರೇ. ಅತ್ತೆ ಸ್ನಾನ ಮಾಡಿ, ಹಿತ್ತಲಿಗೆ ಬಂದು, ಕುಂಬಳದ ಹೂ ಕಿತ್ತು, ಗೋಡೆಯ ಮಾಡದಲ್ಲಿದ್ದ ದೇವಿಗೆ ಏರಿಸುತ್ತಿದ್ದರು. ಬಳ್ಳಿ ಕಾಯಿ ಹಿಡಿಯಲಿ ಎಂದೇ ಆ ಹರಕೆ. ಅದರಲ್ಲೂ ಅವರು ಜಾಣೆ: ಬುಡದಲ್ಲಿ ಪುಟ್ಟ ಗುಂಡು ಕಾಯಿ ಇರುವ ಹೂವನ್ನು ಮುಟ್ಟುತ್ತಿರಲಿಲ್ಲ. ಉದ್ದ ತೊಟ್ಟಿನ ಬರೀ ಹೂಗಳನ್ನು, ಕಾಯಿ ಕಟ್ಟದ ಹೂಗಳನ್ನು ಮಾತ್ರ ಒಂದೂ ಬಿಡದೆ ಕೀಳುತ್ತಿದ್ದರು. ದೇವಿಗೆ ಹೂವೂ ಆಯಿತು, ಬಳ್ಳಿಯ ಸತ್ವವೂ ಉಳಿಯಿತು ಎಂದು ಅವರ ಲೆಕ್ಕಾಚಾರ.

ಇದನ್ನು ಕೇಳಿ ಉಸ್ತಾನಿಬಾಯಿ ನನ್ನ ಕೈ ಹಿಡಿದರು. ನಾನು ಅಳುತ್ತಿದ್ದೆ, ಅವರು ನಗತೊಡಗಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈ ಕಿತ್ತುಕೊಂಡು ಹೊರಟೆ. ಅವರು ಗೋಡೆಯ ಮೇಲೆ ಬಗ್ಗಿ ಸೆರಗು ಹಿಡಿದೆಳೆದರು. "ನಿಲ್ಲವಾ ತಾಯಿ. ಬರೀ ಹೂ ಅಲ್ಲ ಅವು, ಗಂಡು ಹೂ."

ಮರುದಿನ ಅವರು ಖುರ್ದಬೀನನ್ನು ಗೋಡೆಯ ಮೇಲಿಟ್ಟು ನನಗೆ ತೋರಿಸಿದರು. ಅತ್ತೆಯ ಕಣ್ಣಿಗೆ ಬೀಳದೆ ಎಲೆಯ ಅಡಿಯಲ್ಲಿ ಉಳಿದಿದ್ದ ಒಂದು ಗಂಡು ಹೂವಿನ ನಡುವಿನ ಹಳದಿ ಕಡ್ಡಿಯನ್ನು ಗಾಜಿಗೆ ಒರೆಸಿದರು. ಕಣ್ಣಿಟ್ಟು ನೋಡಿದರೆ ಬಂಗಾರದ ಬಣ್ಣದ ದುಂಡು ಕಾಳುಗಳು, ಮೈತುಂಬ ಮುಳ್ಳು. ಆಮೇಲೆ ಇನ್ನೂ ಅರಳದ ಎಳೇ ಮೊಗ್ಗೊಂದನ್ನು ಬಿಡಿಸಿ ಅದರೊಳಗಿನದನ್ನು ಇಟ್ಟರು. ಅಲ್ಲಿ ಕಾಳುಗಳು ನಾಲ್ಕು ನಾಲ್ಕಾಗಿ ಅಂಟಿಕೊಂಡಿದ್ದವು.

"ಒಂದು ಕಣ ಎರಡು ಸಲ ಒಡದು ನಾಕು ಆಗ್ತದ. ಪ್ರತಿಯೊಂದರಾಗೂ ಬಳ್ಳೀದು ಅರ್ಧಾನೇ ಇರ್ತದ. ಕಾಯಿ ಹೂವಿನ ಹೊಟ್ಟ್ಯಾಗಿನ ತತ್ತ್ಯಾಗೂ ಅರ್ಧಾನೇ. ಈ ಅರ್ಧ ಹೋಗಿ ಆ ಅರ್ಧಕ್ಕ ಕೂಡಿದ್ರ ಒಂದು ಬೀಜ. ಕೂಡ್ಲಿಲ್ಲಂದ್ರ ಪೀಚು ಉದುರ್ತದ."

"ಅರ್ಧ ಯಾಕ್ರಿ? ಪೂರಾ ಕೊಟ್ರ ಏನಾಗ್ತದ?" ಎಂದೆ.

ಅವರು ನನ್ನ ಎರಡೂ ಕೈಗಳನ್ನು ಗೋಡೆಯ ಮೇಲೆ ಇಡಿಸಿದರು. "ಈ ಬಳಿ ನೋಡು. ಬಲಗೈಯವು ನಿಮ್ಮಪ್ಪ ಕೊಟ್ಟಿದ್ದು, ಎಡಗೈಯವು ನಿಮ್ಮವ್ವ ಕೊಟ್ಟಿದ್ದು ಅನ್ನು. ಬಲಗಡಿ ಒಂದಕ್ಕ ಎಡಗಡಿ ಒಂದು ಜೋಡಿ. ನೀ ಮಗೂಗ ಕೊಡೂ ಮುಂದ ಜೋಡಿ ಕೊಡಂಗಿಲ್ಲ, ಪ್ರತಿ ಜೋಡ್ಯಾಗ ಒಂದೇ ಬಳಿ ಕೊಡ್ತಿ. ಕೆಲವು ಅಪ್ಪಂದು, ಕೆಲವು ಅವ್ವಂದು, ಯಾವ್ದು ಅಂತ ಯಾರೂ ಹೇಳಂಗಿಲ್ಲ. ಅದಕ್ಕೇ ಅಣ್ಣ ತಮ್ಮ ಒಂದೇ ಥರಾ ಇರಂಗಿಲ್ಲ. ಪೂರಾ ಕೊಟ್ರ? ನಿಂದೂ ಪೂರಾ, ನಿನ್ನ ಗಂಡಂದೂ ಪೂರಾ. ಮಗೂಗ ಎರಡು ಪಟ್ಟು, ಮೊಮ್ಮಗೂಗ ನಾಕು ಪಟ್ಟು. ಬಳಿ ಮೊಣಕೈ ದಾಟಿ ಕುತ್ತಿಗಿಗಿ ಬರ್ತಾವ!"

ಮನುಷ್ಯರಲ್ಲಿ ಇಂಥ ಇಪ್ಪತ್ತನಾಲ್ಕು ಜೋಡಿ ಇವೆ ಎಂದು ಅವರು ಹೇಳಿದ್ದರು. ಎಷ್ಟೋ ವರ್ಷದ ಮೇಲೆ ನಾನು ಪೇಪರಿನಲ್ಲಿ ಮನುಷ್ಯರ ವರ್ಣತಂತುಗಳು ಇಪ್ಪತ್ತಮೂರೇ ಜೋಡಿ ಎಂದು ಓದಿ, ಕಲ್ಯಾಣಿಗೆ ಹೋದಾಗ ಜಗಳಕ್ಕೆ ನಿಂತೆ. "ನಮ್ಮ ಪುಸ್ತಕದಾಗ ಹಂಗೇ ಇತ್ತವಾ. ಒಂದು ಜೋಡಿ ನಡುವ ಒಡದು ಹೋಗಿರಬೇಕು" ಎಂದು ನಕ್ಕರು. ತಪ್ಪಾಗಿತ್ತು ಎಂದು ಒಪ್ಪಿಕೊಳ್ಳುವುದು ಅವರಿಗೆ ಒಂದು ಖುಷಿಯ ವಿಷಯವಾಗಿತ್ತು.

ಅವತ್ತು ಧೈರ್ಯ ಮಾಡಿ ಇನ್ನೊಂದು ಕೇಳಿದೆ, ನಮ್ಮೊಳಗೂ ಹೀಗೇ ಏನು ಎಂದು. ಅವರು ದನಿ ಇಳಿಸಲಿಲ್ಲ. "ಹೌದು. ಗಂಡಸರಾಗ ದಿನಾ ತಯಾರಾಗ್ತಾವ, ಲಕ್ಷಗಟ್ಟಲೆ. ಹೆಂಗಸರದು ಬ್ಯಾರೆ. ನೀ ನಿಮ್ಮವ್ವನ ಹೊಟ್ಟ್ಯಾಗ ಇದ್ದಾಗೇ ನಿನ್ನ ತತ್ತಿಗೋಳು ನಿನ್ನೊಳಗ ಬಂದು ಕುಂತಿದ್ವು ಅಂತ ಕೆಲವರು ಅಂತಾರ. ಅಲ್ಲ ಅಂತ ಕೆಲವರು. ದೊಡ್ಡವರ ಜಗಳ ಇನ್ನೂ ಮುಗದಿಲ್ಲ. ಆದ್ರ ಅರ್ಧ ನಿಂದು, ಅರ್ಧ ನಿನ್ನ ಗಂಡಂದು, ಇದರಾಗ ಜಗಳ ಇಲ್ಲ. ಕಾಯಿ ಹಿಡೀಲಿಲ್ಲಂದ್ರ ಬರೇ ಒಂದು ಅರ್ಧಕ್ಕ ಯಾಕ ಬೈಬೇಕು?"

ನಾನು ಹತ್ತೊಂಬತ್ತರ ಹುಡುಗಿ. ಮದುವೆಯಾಗಿ ಮೂರು ವರ್ಷಕ್ಕೆ ಬಂದರೂ ನನ್ನ ಮೈಯ ಬಗ್ಗೆ ಯಾರೂ ನನಗೆ ಇಷ್ಟು ಹೇಳಿರಲಿಲ್ಲ. ಅವತ್ತು ಹಿತ್ತಲಿನಿಂದ ಒಳಗೆ ಬರುವಾಗ ನಾನು ಸ್ವಲ್ಪ ಎತ್ತರವಾಗಿದ್ದೇನೆ ಅನಿಸಿತು.

ನನ್ನ ಉಪಾಯ ಸರಳವಾಗಿತ್ತು: ಅತ್ತೆಗಿಂತ ಮೊದಲೇ ಎದ್ದು ಎರಡು ಗಂಡು ಹೂ ಕದ್ದಿಟ್ಟುಕೊಳ್ಳುವುದು. ಉಸ್ತಾನಿಬಾಯಿ ಒಪ್ಪಲಿಲ್ಲ. "ಕದ್ದು ಮಾಡಿದ್ರ ನಿನಗ ಕಾಯಿ ಸಿಗ್ತಾವ. ನಿಮ್ಮ ಅತ್ತೀಗಿ ಏನು ಸಿಗ್ತದ? ನಾ ಬಂದು ತೋರಸ್ತೀನಿ" ಎಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬುರ್ಖಾ ಹಾಕಿಕೊಂಡು, ಹಸಿರು ಗಂಟು ಎತ್ತಿಕೊಂಡು, ಮುಂಬಾಗಿಲಿಗೇ ಬಂದರು. ಅತ್ತೆ ಸ್ನಾನ ಮಾಡಿ ಮಡಿಯಲ್ಲಿದ್ದರು, ಪೂಜೆ ಇನ್ನೂ ಆಗಿರಲಿಲ್ಲ. ಬುಟ್ಟಿಯಲ್ಲಿ ಆಗಷ್ಟೇ ಕಿತ್ತ ಹೂ. ಮಡಿಯಲ್ಲಿದ್ದಾಗ ಅವರು ಮಗನನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ದೂರದಿಂದಲೇ "ಏನ್ರಿ ಬಾಯಿ, ಇಷ್ಟು ಲಗೂನ?" ಎಂದರು.

"ಒಂದು ಚಮತ್ಕಾರ ಅದರಿ ಅವ್ವಾ. ನೀವು ನೋಡ್ಬೇಕು ಅಂತ ತಂದೀನಿ."

ಚಮತ್ಕಾರ ಎಂದರೆ ನಮ್ಮ ಅತ್ತೆ ಊಟ ಬಿಟ್ಟು ಬರುವವರು. ಉಸ್ತಾನಿಬಾಯಿ ನನಗೆ ತೋರಿಸಿದ್ದ ಪುಡಿಯ ಗಾಜನ್ನೇ ಸಿಕ್ಕಿಸಿ ಖುರ್ದಬೀನನ್ನು ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತರು. ಅತ್ತೆ ಬಗ್ಗಿದರು. ಮೊದಲು ನೋಡಬೇಕಾದ ಕಣ್ಣನ್ನೇ ಮುಚ್ಚಿಕೊಂಡು "ಕತ್ತಲ ಅದ" ಎಂದರು. ಆಮೇಲೆ ಎರಡೂ ಕಣ್ಣು ಮುಚ್ಚಿದರು. ಮೂರನೆಯ ಸಲಕ್ಕೆ ಸರಿಯಾದ ಕಣ್ಣು ತೆರೆಯಿತು, ಅವರು ಹಾಗೇ ನಿಂತುಬಿಟ್ಟರು.

"ಇವೇನ್ರಿ? ಮುಳ್ಳಿನ ಲಡ್ಡು ಇದ್ದಂಗ ಅವ."

"ನಿಮ್ಮ ಬುಟ್ಟ್ಯಾಗಿನಂಥಾ ಹೂವಿನ ಪುಡಿ ಅವ್ವಾ. ಇದು ಗಂಡು. ಹುಳ ಇದನ್ನ ಹೊತ್ತು ಆ ಕಾಯಿ ಹೂವಿಗಿ ಮುಟ್ಟಿಸಿದ್ರೇ ಕಾಯಿ ನಿಲ್ತದ."

ಅತ್ತೆ ಒಮ್ಮೆ ಬುಟ್ಟಿ ನೋಡಿದರು, ಒಮ್ಮೆ ಹಿತ್ತಲ ಕಡೆ ನೋಡಿದರು. ಮನೆಗೆ ಬಂದು ದೇವರ ಹೂವಿನ ವಿಷಯ ಎತ್ತಿದ್ದಕ್ಕೆ ಬೈದು ಕಳಿಸುತ್ತಾರೆ ಎಂದೇ ಎಣಿಸಿದೆ. ಅತ್ತೆ ನಿಧಾನವಾಗಿ ಹೇಳಿದರು:

"ಹಂಗಾರ ಮೂರು ವರ್ಷ ನಾ ದೇವಿಗಿ ದಿನಾ ಗಂಡಂದಿರನ್ನ ಏರಸಾಕತ್ತಿದ್ನೇನು?"

ಉಸ್ತಾನಿಬಾಯಿ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಅತ್ತೆಯ ಕೈ ಹಿಡಿದೇಬಿಟ್ಟರು. ಮಡಿಯ ಕೈ. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆಗೆದಾಗ ಇಬ್ಬರೂ ಕಟ್ಟೆಯ ಮೇಲೆ ಕೂತು, ಕೈ ಕೈ ಹಿಡಿದು, ಅಲುಗಾಡುತ್ತ ನಗುತ್ತಿದ್ದರು. ಅತ್ತೆ ನಗುವುದನ್ನು ನಾನು ಆವರೆಗೆ ನೋಡಿರಲಿಲ್ಲ. ನಗು ನಿಂತ ಮೇಲೆ ಅವರು ತಮ್ಮ ಕೈಯನ್ನು ಒಂದು ಗಳಿಗೆ ನೋಡಿಕೊಂಡು, ಮತ್ತೆ ಸ್ನಾನಕ್ಕೆ ಹೋಗದೆ ನೇರ ಪೂಜೆಗೆ ಹೋದರು.

ಅಂದಿನಿಂದ ಹಿತ್ತಲಲ್ಲಿ ಹೊಸ ಪದ್ಧತಿ. ಅತ್ತೆಯೇ ಒಂದು ಗಂಡು ಹೂ ಕಿತ್ತು, ಎಸಳು ಹರಿದು, ಅರಳಿದ ಕಾಯಿ ಹೂಗಳಿಗೆಲ್ಲ ಮುಟ್ಟಿಸಿ, ಆಮೇಲೆ ಅದನ್ನೇ ದೇವಿಗೆ ಏರಿಸುತ್ತಿದ್ದರು. ಉಳಿದ ಹೂಗಳನ್ನು ಹುಳಗಳಿಗೆ ಬಿಡುತ್ತಿದ್ದರು. ಗೋಡೆಯಾಚೆಯಿಂದ ಉಸ್ತಾನಿಬಾಯಿ "ಇನ್ನೊಂದು ಆ ಎಲಿ ಕೆಳಗ ಅದರಿ ಅವ್ವಾ" ಎಂದು ಕೂಗಿ ಹೇಳುತ್ತಿದ್ದರು. ಆ ವರ್ಷ ಹನ್ನೊಂದು ಕಾಯಿ ನಿಂತವು. ಗೋಡೆ ಮೇಲಿನ ಒಂದು ಕಾಯಿಯ ಭಾರಕ್ಕೆ ಇನ್ನೆರಡು ಕಲ್ಲು ಉದುರಿ ನಮ್ಮಿಬ್ಬರ ಮಾತಿಗೆ ಅನುಕೂಲವೇ ಆಯಿತು.

ಮೊದಲ ಕಾಯಿ ಒಡೆದ ದಿನ ಅತ್ತೆ ಬೆಲ್ಲ ಹಾಕಿ, ಎಣ್ಣೆಯಲ್ಲಿ ಕರಿಯುವ ಸಿಹಿ ಗಾರಿಗೆ ಮಾಡಲು ಕೂತರು. ಅದೇ ದಿನ ಅವರ ಅಣ್ಣ ಹುಲಸೂರಿನಿಂದ ಬಂದರು, ಆ ಹುಡುಗಿಯ ಮಾತು ಮುಗಿಸಲು. ಹಿತ್ತಲು ನೋಡಿ ಬಂದು ಪಡಸಾಲೆಯಲ್ಲಿ ಕೂತು ಅವರು ತೀರ್ಪು ಕೊಟ್ಟರು: "ಬಳ್ಳಿ ಕಾಯಿ ಹಿಡದದಂದ್ರ ಸೊಸಿ ಕೈಗುಣ ಚಲೋ ಅದ. ಬಸಿರಾಗ್ತಾಳ. ಹುಲಸೂರಿನವರಿಗಿ ಇನ್ನೊಂದು ವರ್ಷ ತಡೀರಿ ಅಂತ ಹೇಳ್ತೀನಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಸಿರು ಬಿಟ್ಟೆ. ಒಂದು ವರ್ಷ ಸಿಕ್ಕಿತ್ತು. ಆಗ ಒಳಗೆ ನನ್ನ ಪಕ್ಕದಲ್ಲೇ ಮಣೆಯ ಮೇಲೆ ಕೂತು ಗಾರಿಗೆ ತಿನ್ನುತ್ತಿದ್ದ ಉಸ್ತಾನಿಬಾಯಿ, ಬಾಗಿಲ ಮರೆಯಿಂದ ಬಾಯಿ ತೆರೆದರು.

"ಮಾಫ್ ಮಾಡ್ರಿ. ಕಾಯಿ ಆಗಿದ್ದು ಹೂ ಮುಟ್ಟಿಸಿದ್ದಕ್ಕರಿ. ಈಕೀ ಕೈಗುಣಕ್ಕಲ್ಲ. ಬಳ್ಳಿ ಬ್ಯಾರೆ, ಈಕಿ ಬ್ಯಾರೆ."

ನಾನು ಅವರ ಬಾಯಿ ಮುಚ್ಚಿಸಬೇಕೆಂದು ಕೈ ಎತ್ತಿದೆ. ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ. ಹಣೆಬರಹ ಒಮ್ಮೆ ನನ್ನ ಕಡೆ ತಿರುಗಿತ್ತು, ಈ ಹೆಂಗಸು ಅದನ್ನೂ ಕಿತ್ತು ಬಿಸಾಡುತ್ತಿದ್ದಾಳೆ ಎಂದು ಆ ಕ್ಷಣ ಅವರನ್ನು ದ್ವೇಷಿಸಿದೆ. ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ ನನಗೆ ಅವರು ಮೆತ್ತಗೆ, ನನಗೊಬ್ಬಳಿಗೇ ಕೇಳುವಂತೆ ಅಂದರು: "ಬರೂ ವರ್ಷ ಬಳ್ಳೀಗಿ ರೋಗ ಬಂದ್ರ ಏನು ಮಾಡ್ತಿ ತಂಗಿ?"

ಬಾಣಲೆಯಲ್ಲಿ ಎಣ್ಣೆ ಸದ್ದು ಮಾಡುತ್ತಿತ್ತು. ಅತ್ತೆ ಕೈಯಲ್ಲಿದ್ದ ಗಾರಿಗೆಯನ್ನು ಎಣ್ಣೆಗೆ ಬಿಟ್ಟು, ಅದು ಉಬ್ಬುವವರೆಗೆ ನೋಡಿ, ತಿರುವಿ ಹಾಕಿದರು. ಆಮೇಲೆ ಪಡಸಾಲೆಗೆ ಕೇಳುವಂತೆ ಹೇಳಿದರು:

"ಬಾಯಿ ಅನ್ನೂದು ಖರೆ ಅದ ಅಣ್ಣಾ. ಹೂ ಕಿತ್ತಾಕಿ ನಾ, ಅನಿಸ್ಕೊಂಡಾಕಿ ಇಕಿ. ಸೊಸಿ ಹಣೆಬರಹ ಬಳ್ಳೀಗಿ ಕೇಳಿದ್ದೇ ನನ್ನ ತಪ್ಪು. ಹುಲಸೂರಿಗಿ ನಾ ಬರಂಗಿಲ್ಲ. ಬರೂ ವರ್ಷನೂ ಬರಂಗಿಲ್ಲ."

"ಮತ್ತ ಮಕ್ಕಳಾಗ್ಲಿಲ್ಲಂದ್ರ?"

"ಆಗ್ಲಿಲ್ಲಂದ್ರ ಇಲ್ಲ. ಇಕಿ ಅದಾಳಲ್ಲ? ಗಾರಿಗಿ ತಿನ್ನು, ಆರಾಕತ್ತಾವ."

ನನ್ನ ಗಂಡ ಅಂಗಡಿಯಿಂದ ಬಂದು ಪಡಸಾಲೆಯ ಮೂಲೆಯಲ್ಲಿ ನಿಂತಿದ್ದರು. ಅವತ್ತು ಅವರು ತಾಯಿಯ ಎದುರಿಗೆ ಧಾರಾಳವಾಗಿ ಎರಡು ಸಲ ಕೆಮ್ಮಿದರು.

ಮುಂದಿನ ಮಳೆಗೆ ಕುಂಬಳದ ಬೀಜವನ್ನು ಅತ್ತೆಯೇ ಊರಿದರು, ಪಲ್ಯಕ್ಕೆ. ಅದರ ಮರುವರ್ಷ ಉಸ್ತಾನಿಬಾಯಿಗೆ ಕಲ್ಯಾಣಿಗೆ ವರ್ಗವಾಯಿತು. ಸಾಮಾನಿನ ಗಾಡಿ ಹೊರಟಾಗ ಅತ್ತೆ ಒಂದು ದೊಡ್ಡ ಕುಂಬಳಕಾಯಿಯನ್ನು ತಾವೇ ಹೊತ್ತು ತಂದು ಗಾಡಿಯಲ್ಲಿಟ್ಟರು. ನೀವು ಇದನ್ನೂ ಸುಡುವುದು ಖಂಡಿತ ಎಂದು ನಾನು ಉಸ್ತಾನಿಬಾಯಿಗೆ ಹೇಳಿದೆ. ಅವರು ಅಳುತ್ತಲೇ ನಕ್ಕರು.

ನನಗೆ ಕೂಸಾದದ್ದು ಗಾರಿಗೆಯ ದಿನದಿಂದ ಐದನೆಯ ವರ್ಷಕ್ಕೆ. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಅದಕ್ಕಾಗಿ ಕಾಯುತ್ತಿರಲಿಲ್ಲ. ಹೆರಿಗೆಯ ಬೇನೆ ಒಂದು ಹಗಲು ಪೂರ್ತಿ ನಡೆಯಿತು. ಸಂಜೆ ಕೂಸು ಅತ್ತ ಸದ್ದು ಹೊರಗೆ ಕೇಳಿತು. ಸೂಲಗಿತ್ತಿ ಗಂಡೋ ಹೆಣ್ಣೋ ಹೇಳಲು ಬಾಗಿಲಿಗೆ ಬಂದಳು. ಉಸ್ತಾನಿಬಾಯಿ ಅಲ್ಲಿರಲಿಲ್ಲವಲ್ಲ ಎಂದು, ಅತ್ತೆ ಆಗ ಆಡಿದ ಮಾತನ್ನು ನಾನು ಬಾಣಂತಿಯ ಮಂಚದಲ್ಲೇ ಕೂತು ಕಲ್ಯಾಣಿಗೆ ಪತ್ರದಲ್ಲಿ ಬರೆದೆ, ಕೂಸಿನ ಸುದ್ದಿಗಿಂತ ಮೊದಲು ಬರೆದೆ. ಸೂಲಗಿತ್ತಿ ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದ್ದರು:

"ಅದಿರ್ಲಿ, ಸೊಸಿ ಹ್ಯಾಂಗದಾಳ ಹೇಳು."